ನೋಡಲು ಬಂದವರು, ನೋಡಿಕೊಳ್ಳುವವರು

ಅಮೆರಿಕದ ಸಂದರ್ಶಕ ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೊರಟ ತಾಯಂದಿರಿಗೆ ನಮ್ಮ ಬಂಧುಬಳಗದಲ್ಲಿ ತಪ್ಪದೇ ಸಿಗುವ ಸಲಹೆಯೊಂದಿದೆ: ‘ಮೊಮ್ಮಗುವನ್ನು ನೋಡಲು ಹೋಗುತ್ತಿದ್ದೇನೆ ಅನ್ನಿ, ನೋಡಿಕೊಳ್ಳಲು ಅನ್ನಬೇಡಿ.’ ಕನ್ನಡದಲ್ಲಿ ಈ ಎರಡು ಪದಗಳ ನಡುವೆ ಹೆಚ್ಚಿನ ಅಂತರವಿಲ್ಲ. ವಲಸೆ ಅಧಿಕಾರಿಯ ದೃಷ್ಟಿಯಲ್ಲಿ ಮಾತ್ರ ಮೊದಲನೆಯದು ಪ್ರವಾಸ, ಎರಡನೆಯದು ದುಡಿಮೆಯಿರಬಹುದೆಂಬ ಸಂಶಯಕ್ಕೆ ಎಡೆಮಾಡಿಕೊಡುವ ಸಂಗತಿ. ವಿದೇಶದಲ್ಲಿ ನೆಲೆಸಿರುವ ಮಕ್ಕಳಿಗೂ ಇಲ್ಲಿ ಉಳಿದಿರುವ ತಂದೆತಾಯಿಗಳಿಗೂ ನಡುವಣ ಸಂಬಂಧವನ್ನು ಇಂದು ರೂಪಿಸುತ್ತಿರುವುದು ಬಹುಮಟ್ಟಿಗೆ ಈ ಸಂಶಯವೇ. ಅದು ಕೇವಲ ಕುಟುಂಬಗಳ ಖಾಸಗಿ ತೊಂದರೆಯೆಂದು ಬಿಟ್ಟುಬಿಡುವ ಕಾಲ ಮುಗಿದಿದೆ. ಅದೊಂದು ಸಾರ್ವಜನಿಕ ನೀತಿಯ ಪ್ರಶ್ನೆ.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದ ನಾನು, ಪತ್ನಿಯೊಡನೆ ಮೂರು ಬಾರಿ ಅಮೆರಿಕದ ಡಲ್ಲಾಸ್ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಅಂಥ ಭೇಟಿಗಳ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಅಭಿಪ್ರಾಯಗಳಿವೆ. ನಯಾಗರದ ಮುಂದೆ ನೀಲಿ ಮಳೆಯಂಗಿ ತೊಟ್ಟು ನಿಂತ ಭಾವಚಿತ್ರವನ್ನು ಕಂಡವರು ‘ಅದೃಷ್ಟವಂತರು’ ಎನ್ನುತ್ತಾರೆ. ಹೋಗಿ ಬಂದ ಕೆಲವರು ‘ಅದು ಚಿನ್ನದ ಪಂಜರ’ ಎನ್ನುತ್ತಾರೆ. ನನ್ನ ಅನುಭವ ಇವೆರಡಕ್ಕೂ ಹೊಂದುವುದಿಲ್ಲ. ಆ ಭೇಟಿಗಳ ನಿಜವಾದ ಸೊಗಸು ಪ್ರೇಕ್ಷಣೀಯ ಸ್ಥಳಗಳಿಗಿಂತ ಹೆಚ್ಚಾಗಿ ವಾರದ ದಿನಗಳ ಸಾಧಾರಣ ಬದುಕಿನಲ್ಲಿತ್ತು. ಬೆಳಿಗ್ಗೆ ಮೊಮ್ಮಗಳನ್ನು ಹಳದಿ ಬಣ್ಣದ ಶಾಲಾ ಬಸ್ಸಿಗೆ ಹತ್ತಿಸುವುದು, ಡಬ್ಬಿಗೆ ಕಟ್ಟಿದ ಚಿತ್ರಾನ್ನ ಹಾಗೆಯೇ ಮರಳಿ ಬಂದಾಗ ಅದರ ಕಾರಣವನ್ನು ಮೆಲ್ಲಗೆ ವಿಚಾರಿಸುವುದು, ಒಗ್ಗರಣೆಯ ಹೊಗೆಗೆ ಕೂಗಿಕೊಳ್ಳುವ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವುದು, ಚಳಿ ಶುರುವಾಗುವ ಮುನ್ನ ಕರಿಬೇವಿನ ಕುಂಡವನ್ನು ಒಳಗೆ ತಂದಿಡುವುದು, ಬಡಾವಣೆಯ ಗ್ರಂಥಾಲಯದಲ್ಲಿ ಮಗುವಿನ ಪಕ್ಕ ಕುಳಿತು ಕಥೆ ಕೇಳುವುದು, ಇವೇ ಅಲ್ಲಿನ ದಿನಚರಿ. ವಾರಕ್ಕೊಂದು ಗಂಟೆಯ ಕನ್ನಡ ತರಗತಿಯಲ್ಲಿ ಅಕ್ಷರಮಾಲೆ ದಾಟದಿದ್ದ ಮೊಮ್ಮಗಳು ಅಜ್ಜಿಯೊಡನೆ ಮೂರು ತಿಂಗಳು ಕಳೆದ ಮೇಲೆ ಕನ್ನಡದಲ್ಲೇ ಹಠ ಮಾಡತೊಡಗಿದಳು. ಭಾಷೆ ಉಳಿಯುವುದು ಇಂಥ ಸಹವಾಸದಿಂದ.

ತೊಡಕುಗಳೂ ಇದ್ದವು. ಕಾರು ನಡೆಸಲು ಬಾರದವರಿಗೆ ಅಮೆರಿಕದ ಉಪನಗರ ಒಂದು ದ್ವೀಪವಿದ್ದಂತೆ. ಹಾಲಿಗೂ ಔಷಧಿಗೂ ದೇವಸ್ಥಾನಕ್ಕೂ ಮಗಳೋ ಅಳಿಯನೋ ಬಿಡುವಾಗುವವರೆಗೆ ಕಾಯಬೇಕು. ಸಂಜೆಯ ನಡಿಗೆಯಲ್ಲಿ ಎದುರಾಗುತ್ತಿದ್ದ ಗುಂಟೂರಿನ ನಿವೃತ್ತ ಮುಖ್ಯೋಪಾಧ್ಯಾಯರಾಗಲಿ, ಕೊಯಮತ್ತೂರಿನ ನಿವೃತ್ತ ಎಂಜಿನಿಯರ್ ಆಗಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ನಿಮಗೆ ಎಷ್ಟು ದಿನ ಉಳಿದಿದೆ?’ ಊರಿನಿಂದ ತಂದ ರಕ್ತದೊತ್ತಡದ ಮಾತ್ರೆಗಳ ಲೆಕ್ಕವೂ ವೀಸಾದ ದಿನಗಳ ಲೆಕ್ಕವೂ ಒಟ್ಟೊಟ್ಟಿಗೆ ನಡೆಯುತ್ತಿದ್ದವು. ಹತ್ತು ವರ್ಷ ಚಾಲ್ತಿಯಲ್ಲಿರುವ ವೀಸಾ ಇದ್ದರೂ ಒಂದು ಸಲದ ಪ್ರವೇಶಕ್ಕೆ ಸಾಮಾನ್ಯವಾಗಿ ದೊರೆಯುವುದು ಹೆಚ್ಚೆಂದರೆ ಆರು ತಿಂಗಳ ವಾಸ.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಒಂದು ಕುತೂಹಲಕರ ಅಸಮತೋಲನ ಕಾಣುತ್ತದೆ. ವಿದೇಶದಲ್ಲಿರುವ ಭಾರತೀಯರು 2024ರಲ್ಲಿ ಸ್ವದೇಶಕ್ಕೆ ಕಳುಹಿಸಿದ ಹಣವನ್ನು ವಿಶ್ವಬ್ಯಾಂಕು ಸುಮಾರು 12,900 ಕೋಟಿ ಡಾಲರ್ ಎಂದು ಅಂದಾಜಿಸಿತು. ಜಗತ್ತಿನ ಬೇರಾವ ದೇಶಕ್ಕೂ ಆ ವರ್ಷ ಅಷ್ಟು ಹಣ ಹರಿದು ಬರಲಿಲ್ಲ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಈ ಹಣದ ಶೇ 27.7ರಷ್ಟು ಅಮೆರಿಕದಿಂದ, ಶೇ 19.2ರಷ್ಟು ಸಂಯುಕ್ತ ಅರಬ್ ಸಂಸ್ಥಾನದಿಂದ ಬಂತು. ಹಣ ಹೀಗೆ ಒಳಗೆ ಹರಿಯುತ್ತಿರುವಾಗ ಅದಕ್ಕೆದುರಾಗಿ ಹೊರಗೆ ಹರಿಯುತ್ತಿರುವ ಇನ್ನೊಂದು ಸಂಪತ್ತಿದೆ. ಅದು ಹಿರಿಯರ ಸಮಯ ಮತ್ತು ದುಡಿಮೆ. ಅದರ ಲೆಕ್ಕ ಯಾರ ಬಳಿಯೂ ಇಲ್ಲ.

ಕೂಲಿ ಕೊಟ್ಟು ಮೂರನೆಯವರಿಂದ ಮಾಡಿಸಬಹುದಾದ ಮನೆಗೆಲಸವೆಲ್ಲ ಉತ್ಪಾದನೆಯೇ ಎಂಬ ಮಾನದಂಡವನ್ನು ಅಮೆರಿಕದ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲೇ ಮುಂದಿಟ್ಟರು. ಆದರೂ ಮನೆಮಂದಿಗಾಗಿ ಮನೆಯೊಳಗೆ ಮಾಡುವ ಅಡುಗೆ, ಆರೈಕೆ ರಾಷ್ಟ್ರೀಯ ಆದಾಯದ ಲೆಕ್ಕದಿಂದ ಹೊರಗೇ ಉಳಿದಿವೆ. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆ ಒಂದು ಕೊರತೆಯನ್ನು ಸ್ವಲ್ಪ ತುಂಬಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಾರೆಂದು ಅದು ತಿಳಿಸಿತು. ಆದರೆ ಮೈಸೂರಿನ ಅದೇ ಮಹಿಳೆ ಆರು ತಿಂಗಳ ಮಟ್ಟಿಗೆ ಡಲ್ಲಾಸಿಗೆ ಹೋದರೆ ನಮ್ಮ ಸಮೀಕ್ಷೆಗೂ ಸಿಗುವುದಿಲ್ಲ, ಅಲ್ಲಿನ ಲೆಕ್ಕಕ್ಕೂ ಸೇರುವುದಿಲ್ಲ. ಎರಡೂ ದೇಶಗಳ ದಾಖಲೆಯಲ್ಲಿ ಆಕೆ ಕೇವಲ ಪ್ರವಾಸಿ.

ಆಕೆ ಮಾಡುವ ಕೆಲಸವಾದರೂ ಎಂಥದು? ಬಾಣಂತನವನ್ನೇ ತೆಗೆದುಕೊಳ್ಳೋಣ. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಕಾಯ್ದೆಯ ವ್ಯಾಪ್ತಿಗೆ ಬರುವ ಉದ್ಯೋಗಸ್ಥ ಮಹಿಳೆಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯಿದೆ. ಅಮೆರಿಕದಲ್ಲಿ 1993ರ ಕಾಯ್ದೆ ಕೊಡುವುದು 12 ವಾರಗಳ ರಜೆ. ಅದೂ ವೇತನವಿಲ್ಲದೆ, ಅದೂ 50ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳನ್ನು ಬಿಟ್ಟು. ಕೆಲವು ರಾಜ್ಯಗಳೂ ಕಂಪನಿಗಳೂ ತಾವಾಗಿ ವೇತನ ಕೊಡುತ್ತವೆ, ಆದರೆ ಖಾಸಗಿ ನೌಕರರಿಗೆಲ್ಲ ಅನ್ವಯಿಸುವ ರಾಷ್ಟ್ರವ್ಯಾಪಿ ವೇತನಸಹಿತ ಹೆರಿಗೆ ರಜೆ ಇಲ್ಲ. ಆ ದೇಶದ ಸಾಮಾಜಿಕ ನೀತಿಯ ಈ ಕಂದಕವನ್ನು ನಮ್ಮ ಅಜ್ಜಿಯಂದಿರು ಅಂಟಿನುಂಡೆ, ಬಾಣಂತಿ ಲೇಹ್ಯದ ಡಬ್ಬಗಳನ್ನು ಹೊತ್ತೊಯ್ದು ತುಂಬುತ್ತಿದ್ದಾರೆ. ಮೊದಲ ಆರು ತಿಂಗಳು ಹೆಣ್ಣಿನ ತಾಯಿ, ನಂತರದ ಆರು ತಿಂಗಳು ಗಂಡಿನ ತಾಯಿ. ಒಬ್ಬರು ಊರಿಗೆ ಹೊರಡುವ ವಾರವೇ ಇನ್ನೊಬ್ಬರು ಅಲ್ಲಿ ಬಂದಿಳಿಯುವಂತೆ ಟಿಕೆಟ್ ಮಾಡಿಸುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿದೆ. ಮಗುವಿನ ತಾಯಿ ಕೆಲಸಕ್ಕೆ ಮರಳುತ್ತಾಳೆ, ಅಲ್ಲಿನ ಸರ್ಕಾರಕ್ಕೆ ತೆರಿಗೆ ಸಲ್ಲುತ್ತದೆ. ಆ ತೆರಿಗೆಯ ಹಿಂದೆ ಮೈಸೂರಿನ ಅಜ್ಜಿಯೊಬ್ಬರ ದುಡಿಮೆಯಿದೆಯೆಂಬುದು ಯಾವ ಆಯವ್ಯಯದಲ್ಲೂ ಕಾಣದು.

ಇದನ್ನು ಶೋಷಣೆಯೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಮೊಮ್ಮಗುವಿಗೆ ಎಣ್ಣೆ ಹಚ್ಚಿ ಎರೆಯುವ ಸಂತೋಷಕ್ಕೆ ಬೆಲೆ ಕಟ್ಟಲು ಹೊರಟರೆ ಯಾವ ಅಜ್ಜಿಯೂ ಮೆಚ್ಚುವುದಿಲ್ಲ. ಆದರೆ ಸಂತೋಷದಿಂದ ಮಾಡುವ ಕೆಲಸವೂ ಕೆಲಸವೇ. ಅದರಲ್ಲಿಯೂ ಅಸಮಾನತೆಯಿದೆ. ಸಂಜೆಯ ನಡಿಗೆಗೆ ಬರುತ್ತಿದ್ದವರು ಬಹುತೇಕ ನಮ್ಮಂಥ ಅಜ್ಜಂದಿರು. ಅಜ್ಜಿಯಂದಿರು ಆ ಹೊತ್ತಿಗೆ ಒಲೆಯ ಮುಂದಿರುತ್ತಿದ್ದರು. ಈ ವಿಚಾರದಲ್ಲಿ ಬ್ರಿಟನ್ ಸ್ವಲ್ಪ ಪ್ರಾಮಾಣಿಕವಾಗಿದೆ ಎನ್ನಬೇಕು. ಅಲ್ಲಿನ ಗೃಹ ಇಲಾಖೆಯ ಮಾರ್ಗಸೂಚಿಯು, ಭೇಟಿಗೆ ಬಂದ ಬಂಧುವು ಅಲ್ಪಾವಧಿಗೆ ಮಗುವನ್ನು ನೋಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಅದು ಉದ್ಯೋಗವಾಗಿ ಪರಿಣಮಿಸಬಾರದು ಎಂಬರ್ಥದ ಮಾತನ್ನು ಬರವಣಿಗೆಯಲ್ಲೇ ಹೇಳುತ್ತದೆ. ‘ನೋಡಲು’ ಮತ್ತು ‘ನೋಡಿಕೊಳ್ಳಲು’ ಎಂಬುದರ ನಡುವೆ ತಾಯಂದಿರು ತಡವರಿಸಬೇಕಾದ ಸ್ಥಿತಿಯನ್ನು ಇಂಥ ಒಂದು ಸರಳ ವಾಕ್ಯ ತಪ್ಪಿಸಬಲ್ಲದು.

ನಿಜವಾದ ಸಂಕಟ ಎದುರಾಗುವುದು ಪಾತ್ರಗಳು ಬದಲಾದಾಗ. ಅರವತ್ತರ ಆಸುಪಾಸಿನಲ್ಲಿ, ಕೈಕಾಲು ಗಟ್ಟಿಯಿರುವಾಗ, ಇನ್ನೊಬ್ಬರನ್ನು ನೋಡಿಕೊಳ್ಳಬಲ್ಲವರಿಗೆ ಬಾಗಿಲು ತೆರೆಯುತ್ತದೆ. ಎಂಬತ್ತರ ಹತ್ತಿರ, ತಮ್ಮನ್ನೇ ಯಾರಾದರೂ ನೋಡಿಕೊಳ್ಳಬೇಕಾದಾಗ, ಅದೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಬ್ರಿಟನ್ 2012ರ ಜುಲೈನಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ವಯಸ್ಕ ಅವಲಂಬಿತರಾಗಿ ಅಲ್ಲಿ ನೆಲೆಸಬಯಸುವ ತಂದೆತಾಯಿಗಳಿಗೆ ದೀರ್ಘಕಾಲದ ವೈಯಕ್ತಿಕ ಆರೈಕೆ ಬೇಕಾಗಿರಬೇಕು, ಜೊತೆಗೆ ಆ ಆರೈಕೆ ಅವರ ದೇಶದಲ್ಲಿ ಕೈಗೆಟಕುವಂತಿರಬಾರದು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಮನೆಗೇ ದಾದಿ ಬರುತ್ತಾಳಲ್ಲ! ದುಡ್ಡು ಕಳುಹಿಸಬಲ್ಲ ಮಗನಿದ್ದಾನೆ ಎಂಬುದೇ ತಾಯಿ ಅವನ ಬಳಿ ಹೋಗಲಾರದಿರುವುದಕ್ಕೆ ಕಾರಣವಾಗುತ್ತದೆ. ಆಸ್ಟ್ರೇಲಿಯದಲ್ಲಿ ದುಬಾರಿ ವಂತಿಗೆಯಿಲ್ಲದ ಪೋಷಕರ ಕಾಯಂ ವೀಸಾಕ್ಕೆ ಕಾಯಬೇಕಾದ ಅವಧಿ 30 ವರ್ಷಕ್ಕೂ ಹೆಚ್ಚು. ಎಪ್ಪತ್ತರ ಅರ್ಜಿದಾರರ ಮಟ್ಟಿಗೆ ಅದು ನಿರಾಕರಣೆಯ ಇನ್ನೊಂದು ಹೆಸರು. ಅಮೆರಿಕದಲ್ಲಿ ಪೌರತ್ವ ಪಡೆದ ಮಕ್ಕಳು ತಂದೆತಾಯಿಗಳನ್ನು ಸಂಖ್ಯಾಮಿತಿಯಿಲ್ಲದೆ ಕರೆಸಿಕೊಳ್ಳಬಹುದು. ಆದರೆ ಒಂದು ದೇಶಕ್ಕೆ ಶೇ 7 ಎಂಬ ಮಿತಿಯಿಂದಾಗಿ ಗ್ರೀನ್ ಕಾರ್ಡಿನ ಸಾಲಿನಲ್ಲೇ ವರ್ಷಗಳನ್ನು ಕಳೆಯುತ್ತಿರುವ ಭಾರತೀಯರಿಗೆ ಆ ಹಂತ ತಲುಪುವುದೇ ದುಸ್ತರ. ಇನ್ನು ಸಂದರ್ಶಕರ ಆರೋಗ್ಯ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗಳನ್ನು ಹೊರಗಿಡುವುದು ಸಾಮಾನ್ಯ. ಎಪ್ಪತ್ತೈದು ದಾಟಿದವರಲ್ಲಿ ಮೊದಲೇ ಇರುವ ಕಾಯಿಲೆಯಿಲ್ಲದವರು ಎಷ್ಟು ಮಂದಿ?

ಆತಿಥೇಯ ದೇಶಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಮುಪ್ಪಿನ ವೈದ್ಯಕೀಯ ವೆಚ್ಚ ದೊಡ್ಡದು. ಅದನ್ನು ತೆರಿಗೆದಾರರ ಮೇಲೆ ಹೇರಬಾರದೆಂಬ ಕಾಳಜಿ ನ್ಯಾಯವಾದದ್ದೇ. ಅವಧಿ ಮೀರಿ ಉಳಿಯುವವರೂ ಇದ್ದಾರೆ. ಆದರೆ ಈ ಎರಡೂ ಕಾಳಜಿಗಳಿಗೆ ನಿರಾಕರಣೆಯೊಂದೇ ಉತ್ತರವಲ್ಲ ಎಂಬುದಕ್ಕೆ ಕೆನಡ ಉದಾಹರಣೆ. ಆ ದೇಶ 2011ರ ಡಿಸೆಂಬರಿನಲ್ಲಿ ತಂದೆತಾಯಿ ಮತ್ತು ಅಜ್ಜಅಜ್ಜಿಯರಿಗಾಗಿ ‘ಸೂಪರ್ ವೀಸಾ’ ಆರಂಭಿಸಿತು. ಮಕ್ಕಳು ನಿಗದಿತ ಆದಾಯ ತೋರಿಸಬೇಕು, ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ಇರಬೇಕು. ಆರಂಭದಲ್ಲಿ ಒಮ್ಮೆಗೆ ಎರಡು ವರ್ಷವಿದ್ದ ವಾಸದ ಅವಧಿಯನ್ನು 2022ರ ಜುಲೈನಲ್ಲಿ ಐದು ವರ್ಷಕ್ಕೆ ಏರಿಸಲಾಯಿತು. ನಿಗದಿತ ಷರತ್ತುಗಳನ್ನು ಪೂರೈಸುವ ಹೊರದೇಶಗಳ ವಿಮಾ ಕಂಪನಿಗಳ ಪಾಲಿಸಿಗೂ 2025ರ ಜನವರಿಯಲ್ಲಿ ಮಾನ್ಯತೆ ದೊರೆಯಿತು. ಆಸ್ಟ್ರೇಲಿಯವೂ 2019ರಲ್ಲಿ ಮೂರು ಅಥವಾ ಐದು ವರ್ಷಗಳ ತಾತ್ಕಾಲಿಕ ಪೋಷಕ ವೀಸಾ ತಂದಿತು, ಶುಲ್ಕ ಮಾತ್ರ ಸಾವಿರಾರು ಡಾಲರ್. ವೆಚ್ಚವನ್ನು ಕುಟುಂಬವೇ ಹೊರುವಂತೆ ಮಾಡಿ, ಜೊತೆಯಾಗಿರುವ ಅವಕಾಶವನ್ನು ಉಳಿಸುವ ದಾರಿಗಳಿವೆ ಎಂಬುದು ಇದರಿಂದ ಸ್ಪಷ್ಟ.

ಇಂಥ ಭದ್ರತೆಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. 2020ರ ಮಾರ್ಚಿನಲ್ಲಿ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದಾಗ ಮಕ್ಕಳ ಮನೆಗೆ ಹೋದ ಹಿರಿಯರು ಅಲ್ಲೇ ಸಿಲುಕಿದರು. ನಿಗದಿತ ಸಂಚಾರ ಪೂರ್ಣವಾಗಿ ಪುನರಾರಂಭವಾದದ್ದು ಎರಡು ವರ್ಷಗಳ ನಂತರ, 2022ರ ಮಾರ್ಚ್ 27ರಂದು. ಗಡಿ ಮುಚ್ಚಿದ್ದ ಆಸ್ಟ್ರೇಲಿಯ, ಪ್ರವೇಶದ ವಿನಾಯಿತಿಗೆ ಸಂಬಂಧಿಸಿದಂತೆ ವಯಸ್ಕ ಪ್ರಜೆಗಳ ತಂದೆತಾಯಿಗಳನ್ನು ‘ನಿಕಟ ಕುಟುಂಬ’ವೆಂದು ಒಪ್ಪಿಕೊಂಡದ್ದು 2021ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಹೆತ್ತವರು ನಿಕಟ ಕುಟುಂಬವಾಗಿರಲಿಲ್ಲ! ಸೋಂಕು ಇಳಿದ ಮೇಲೂ ಅದರ ಬಾಕಿ ಉಳಿಯಿತು. 2022ರ ಕೊನೆಯ ಹೊತ್ತಿಗೆ ಅಮೆರಿಕದ ಸಂದರ್ಶಕ ವೀಸಾದ ಸಂದರ್ಶನಕ್ಕೆ ಭಾರತದ ಕೆಲವು ಕೇಂದ್ರಗಳಲ್ಲಿ 900 ದಿನಕ್ಕೂ ಮಿಕ್ಕಿ ಕಾಯಬೇಕಿತ್ತು. ಆ ಅವಧಿಯಲ್ಲಿ ಹುಟ್ಟಿದ ಮಗು ಅಜ್ಜಿಯನ್ನು ಕಾಣುವ ಮೊದಲೇ ಓಡಾಡಲು ಕಲಿತಿರುತ್ತದೆ. ಮಕ್ಕಳು ಇತ್ತ ಬರುವ ದಾರಿಯೂ ಸಲೀಸಾಗಿಲ್ಲ. 2025ರ ಡಿಸೆಂಬರಿನಲ್ಲಿ ತಪಾಸಣೆಯ ಹೊಸ ಕ್ರಮದಿಂದಾಗಿ ವೀಸಾ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೂಡಲ್ಪಟ್ಟು, ರಜೆಗೆಂದು ಊರಿಗೆ ಬಂದಿದ್ದ ಅನೇಕ ಎಚ್‌-1ಬಿ ನೌಕರರು ಕೆಲಸಕ್ಕೆ ಮರಳಲಾಗದೆ ಉಳಿದರು. ತಾಯಿಗೆ ಕಾಯಿಲೆಯೆಂದರೂ ಹೊರಡುವ ಮುನ್ನ ಎರಡು ಬಾರಿ ಯೋಚಿಸಬೇಕಾದ ಸ್ಥಿತಿ ಇದು.

ಇಷ್ಟಾದರೂ ಇದು ಸುಶಿಕ್ಷಿತ ಮಧ್ಯಮ ವರ್ಗದ ಕಷ್ಟ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮಂಗಳೂರು, ಉಡುಪಿ, ಭಟ್ಕಳ, ಕಲಬುರಗಿ ಕಡೆಯ ಕಾರ್ಮಿಕರಿಗೆ ಕುಟುಂಬದೊಡನೆ ಅಲ್ಲಿ ಬದುಕುವ ಮಾತೇ ಕನಸು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 2019ರಲ್ಲಿ ಗೊತ್ತುಪಡಿಸಿದ ಕನಿಷ್ಠ ವೇತನ ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿ ಸೇರಿದಂತೆ 3,000 ದಿರ್ಹಮ್. ಕುವೈತ್ 2022ರಲ್ಲಿ ಕುಟುಂಬ ಭೇಟಿಯ ವೀಸಾಗಳನ್ನೇ ನಿಲ್ಲಿಸಿತ್ತು. 2024ರ ಫೆಬ್ರುವರಿಯಲ್ಲಿ ಮತ್ತೆ ಆರಂಭಿಸಿದಾಗ ಹೆಂಡತಿ, ಮಕ್ಕಳು ಹಾಗೂ ತಂದೆತಾಯಿಗಳ ಭೇಟಿಗೂ 400 ದಿನಾರ್ ವೇತನದ ಷರತ್ತಿತ್ತು. ಅನಂತರವಷ್ಟೇ ನಿಯಮ ಸಡಿಲವಾಯಿತು. ಕಟ್ಟಡ ಕೆಲಸದವನಿಗೆ, ಮನೆಗೆಲಸದವಳಿಗೆ ಈ ಮಟ್ಟದ ಸಂಬಳ ಎಟುಕುವಂಥದ್ದಲ್ಲ. 2024ರ ಜೂನ್‌ನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತಾಗ ಕಲಬುರಗಿ ಜಿಲ್ಲೆಯ ಒಬ್ಬರ ಶವವೂ ಊರಿಗೆ ಬಂತು. ಇಂಥ ವಸತಿಗಳಲ್ಲಿ ಕುಟುಂಬಕ್ಕೆ ಜಾಗವಿಲ್ಲ. ಅಲ್ಲಿ ಸಂಸಾರವೆಂದರೆ ರಾತ್ರಿಯ ಫೋನ್ ಕರೆ. ನಯಾಗರದ ಭಾವಚಿತ್ರ ಹಾಗಿರಲಿ, ತನ್ನ ಮಗು ಶಾಲೆಗೆ ಹೋಗುವುದನ್ನು ಒಂದು ವಾರ ಕಣ್ಣಾರೆ ಕಾಣುವ ಸಾಧಾರಣ ಸುಖವೂ ಸಂಬಳದ ಚೀಟಿಯನ್ನು ಅವಲಂಬಿಸಿದೆ.

ನಮ್ಮ ಸರ್ಕಾರ ಈ ವಿಷಯದಲ್ಲಿ ಮಾಡಿರುವುದೇನು? ಒಂದು ಉದಾರ ಕ್ರಮವನ್ನು ಮೆಚ್ಚಲೇಬೇಕು. 2005ರಲ್ಲಿ ಆರಂಭವಾದ ಸಾಗರೋತ್ತರ ಭಾರತೀಯ ಪೌರತ್ವ ಯೋಜನೆಯು ವಿದೇಶಿ ಪಾಸ್‌ಪೋರ್ಟಿನ ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ಜೀವನಪರ್ಯಂತ ಬಂದುಹೋಗುವ ಅವಕಾಶ ಕೊಟ್ಟಿದೆ. ಆದರೆ ಬೇರೆಡೆ ನಮ್ಮ ಕಾನೂನೂ ಹಣದ ಭಾಷೆಯನ್ನೇ ಆಡುತ್ತದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ. ಅದರಲ್ಲಿ ಜೀವನಾಂಶದ ಮಾತಿದೆ, ಜೊತೆಯಲ್ಲಿದ್ದು ನೋಡಿಕೊಳ್ಳಲು ನೆರವಾಗುವ ಮಾತಿಲ್ಲ. ನೋಡಿಕೊಳ್ಳಲು ಬಂದ ಮಗನಿಗೆ ತೆರಿಗೆ ಕಾನೂನು ದಿನ ಎಣಿಸುತ್ತದೆ. 2020ರ ಹಣಕಾಸು ಕಾಯ್ದೆಯ ತಿದ್ದುಪಡಿಯಂತೆ, ಭಾರತದಲ್ಲಿ ವರ್ಷಕ್ಕೆ 15 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿರುವ ಅನಿವಾಸಿ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವನಾದರೆ, ಆ ವರ್ಷ 120 ದಿನ ತಂಗಿದೊಡನೆ ನಿವಾಸಿಯೆನಿಸುತ್ತಾನೆ. ಭೇಟಿಗೆ ಬರುವ ಇತರರಿಗಿರುವ 182 ದಿನಗಳ ಮಿತಿ ಅವನಿಗಿಲ್ಲ. ‘ಸಾಮಾನ್ಯ ನಿವಾಸಿಯಲ್ಲದವ’ ಎಂಬ ವರ್ಗಕ್ಕೆ ಸೇರುವುದರಿಂದ ಅವನ ವಿದೇಶಿ ಆದಾಯಕ್ಕೆ ಸಾಮಾನ್ಯವಾಗಿ ತೆರಿಗೆ ತಗಲದು ನಿಜ. ಆದರೂ ಪಾರ್ಶ್ವವಾಯು ಬಡಿದ ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತವನು ಕ್ಯಾಲೆಂಡರನ್ನೂ ನೋಡುತ್ತಿರಬೇಕಾದದ್ದು ವಿಷಾದಕರ.

ವ್ಯಾಪಾರ ಒಪ್ಪಂದಗಳಲ್ಲಿ ಭಾರತ ಹಲವು ವರ್ಷಗಳಿಂದ ತನ್ನ ವೃತ್ತಿಪರರ ಸಂಚಾರಕ್ಕೆ ಅವಕಾಶ ಕೇಳುತ್ತ ಬಂದಿದೆ. 2025ರ ಜುಲೈನಲ್ಲಿ ಬ್ರಿಟನ್ನಿನೊಡನೆ ಸಹಿಯಾದ ಒಪ್ಪಂದದ ಜೊತೆಯಲ್ಲಿ, ತಾತ್ಕಾಲಿಕವಾಗಿ ಅಲ್ಲಿಗೆ ಹೋಗುವ ನೌಕರರು ಮೂರು ವರ್ಷ ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆ ಕಟ್ಟಬೇಕಿಲ್ಲವೆಂಬ ಒಡಂಬಡಿಕೆಗೂ ಎರಡೂ ದೇಶಗಳು ಒಪ್ಪಿದವು. ಅದು ಸ್ವಾಗತಾರ್ಹ. ಆದರೆ ನೌಕರನ ವಂತಿಗೆಯನ್ನು ಚರ್ಚಿಸುವ ಮೇಜಿನಲ್ಲಿ ಅವನ ತಂದೆತಾಯಿಗಳ ಭೇಟಿಯನ್ನೂ ಚರ್ಚಿಸಬಾರದೇಕೆ? ಕುಟುಂಬದಿಂದ ದೂರವಿರುವ ನೌಕರ ಹೆಚ್ಚು ಕಾಲ ನಿಲ್ಲಲಾರ ಎಂಬುದು ಆತಿಥೇಯ ದೇಶಗಳಿಗೂ ತಿಳಿದ ಸತ್ಯ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಮೊದಲನೆಯದಾಗಿ, ಮುಂದಿನ ದ್ವಿಪಕ್ಷೀಯ ಮಾತುಕತೆಗಳಲ್ಲಿ ಕೆನಡದ ಮಾದರಿಯ ದೀರ್ಘಾವಧಿ ಪೋಷಕ ವೀಸಾವನ್ನು ಭಾರತ ಬೇಡಿಕೆಯಾಗಿ ಮಂಡಿಸಬೇಕು. ಎರಡನೆಯದಾಗಿ, ಎಪ್ಪತ್ತು ದಾಟಿದವರ ದೀರ್ಘ ವಿದೇಶವಾಸಕ್ಕೂ ಇರುವ ಕಾಯಿಲೆಗಳಿಗೂ ಅನ್ವಯಿಸುವ ವಿಮೆಯನ್ನು ನಮ್ಮ ಸಾರ್ವಜನಿಕ ವಲಯದ ವಿಮಾ ಕಂಪನಿಗಳು ರೂಪಿಸಬೇಕು. ಇದಕ್ಕೆ ವಂತಿಗೆ ಕಟ್ಟಲು ಮಕ್ಕಳು ಹಿಂದೆಗೆಯುವುದಿಲ್ಲ. ಮೂರನೆಯದಾಗಿ, ಹಾಸಿಗೆ ಹಿಡಿದ ತಂದೆತಾಯಿಗಳ ಆರೈಕೆಗೆಂದು ಬಂದವರ ದಿನಗಳನ್ನು ವೈದ್ಯಕೀಯ ದಾಖಲೆಯ ಆಧಾರದ ಮೇಲೆ 120 ದಿನಗಳ ಲೆಕ್ಕದಿಂದ ಕೈಬಿಡಬೇಕು. ನಾಲ್ಕನೆಯದಾಗಿ, ಕೊಲ್ಲಿ ದೇಶಗಳೊಡನೆ ಕಾರ್ಮಿಕ ಒಪ್ಪಂದ ಮಾಡಿಕೊಳ್ಳುವಾಗ ವರ್ಷಕ್ಕೊಮ್ಮೆ ಊರಿಗೆ ಬರುವ ರಜೆ ಮತ್ತು ಪ್ರಯಾಣವೆಚ್ಚವನ್ನು ಮಾಲೀಕರ ಬದ್ಧತೆಯಾಗಿಸಲು ಪಟ್ಟು ಹಿಡಿಯಬೇಕು. ಐದನೆಯದಾಗಿ, ಮುಂದಿನ ಸಮಯ ಬಳಕೆ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಸೇರಲಿ: ಈ ಮನೆಯಿಂದ ಯಾರಾದರೂ ಕಳೆದ ವರ್ಷ ಮಕ್ಕಳ ಸಂಸಾರಕ್ಕೆ ನೆರವಾಗಲು ವಿದೇಶಕ್ಕೆ ಹೋಗಿದ್ದರೇ, ಎಷ್ಟು ದಿನ?

ಕೊನೆಯ ಸಲಹೆ ಕ್ಷುಲ್ಲಕವೆನಿಸಬಹುದು. ಆದರೆ ಕಡತಗಳ ನಡುವೆ ಬದುಕು ಕಳೆದವನಾಗಿ ಹೇಳುವುದಾದರೆ, ಅಂಕಿಅಂಶವಿಲ್ಲದ ಸಂಗತಿಯ ಮೇಲೆ ಯಾವ ಇಲಾಖೆಯೂ ಟಿಪ್ಪಣಿ ಬರೆಯುವುದಿಲ್ಲ. ವಿದೇಶದಿಂದ ಬರುವ ಡಾಲರ್, ದಿರ್ಹಮ್‌ಗಳ ಲೆಕ್ಕವನ್ನು ನಾವು ಚೊಕ್ಕಟವಾಗಿ ಇಟ್ಟಿದ್ದೇವೆ. ಆದುದರಿಂದಲೇ ಆ ಹಣಕ್ಕೆ ನೀತಿಯಿದೆ, ಸವಲತ್ತಿದೆ, ಗೌರವವಿದೆ. ಅಜ್ಜಿಯ ಆರು ತಿಂಗಳಿಗೂ ಮಗನ 120 ದಿನಕ್ಕೂ ಅಷ್ಟೇ ಶ್ರದ್ಧೆಯ ಲೆಕ್ಕ ಸಿಕ್ಕಂದು, ವೀಸಾ ಕಿಟಕಿಯ ಮುಂದೆ ನಿಂತ ತಾಯಿ ‘ಮೊಮ್ಮಗುವನ್ನು ನೋಡಿಕೊಳ್ಳಲು ಹೋಗುತ್ತಿದ್ದೇನೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು.